ಎರಡು ಸೀಟಿನ ಸ್ನೋಮೊಬೈಲ್

"ಒಂದೇ ಸಾಕು ಅಂತ ಬುಕ್ ಮಾಡ್ದೆ. ಟೂ-ಸೀಟರ್," ಎನ್ನುತ್ತಾ ಗುರುರಾಜ ಲ್ಯಾಪ್‌ಟಾಪನ್ನು ಹರಿಣಿಯ ಕಡೆ ತಿರುಗಿಸಿದ.

ಪರದೆಯಲ್ಲಿ ಹಿಮದ ಮೇಲೆ ಓಡಿಸುವ ಕೆಂಪು ಸ್ನೋಮೊಬೈಲ್. ಬೈಕಿಗಿರುವಂತೆ ಹ್ಯಾಂಡಲ್, ಅದರ ಹಿಂದೆ ಇಬ್ಬರಿಗಾಗುವಷ್ಟು ಉದ್ದನೆಯ ಸೀಟು. ಹರಿಣಿಯ ಕಣ್ಣು ಆ ಹಿಂದಿನ ಸೀಟಿನ ಮೇಲೇ ನಿಂತಿತು. ತುಟಿಯವರೆಗೆ ಬಂದಿದ್ದ ಕಾಫಿ ಲೋಟ ಕೆಳಗಿಳಿಯಿತು.

"ನಂಗೆ ಬೇರೆ ಬೇಕು."

"ಬೇರೆ ಕಲರ್ರಾ?"

"ಬೇರೆ ಗಾಡಿ. ನಿಮ್ಮ ಹಿಂದೆ ನಾನು ಕೂರಲ್ಲ."

ಅಂದುಕೊಂಡದ್ದಕ್ಕಿಂತ ಮಾತು ಗಡುಸಾಗಿ ಬಂತು. ಅವನ ಮುಖದ ನಗು ಮೆಲ್ಲಗೆ ಇಳಿದುಹೋದದ್ದನ್ನು ಹರಿಣಿ ನೋಡಿದಳು. ಒಲೆಯ ಮುಂದೆ ಒಗ್ಗರಣೆ ಹಾಕುತ್ತಿದ್ದ ಶ್ರೀಲತಾ ಕೂಡ ಒಮ್ಮೆ ತಿರುಗಿ ನೋಡಿದಳು.

ಆಶ್‌ಬರ್ನಿನ ಆ ಮನೆ ಶ್ರೀಲತಾಳದು. ಮೈಸೂರಿನ ಕಾಲೇಜು ದಿನಗಳಿಂದ ಹರಿಣಿಯ ಗೆಳತಿ. ಉತ್ತರದ ಮೇಯ್ನ್ ರಾಜ್ಯದ ಕಾಡಿನಲ್ಲಿ ಹಿಮದ ದಾರಿ ಹಿಡಿದು ಹೋಗುವ ಯೋಚನೆಯೂ ಅವಳದೇ. ಅವಳು, ಗಂಡ ರವಿಶಂಕರ್, ದೂರದ ಕ್ಯಾರಿ ಊರಿನಿಂದ ಬರುವ ಹರಿಣಿ, ರವಿಶಂಕರ್‌ನ ಸಹೋದ್ಯೋಗಿ ಗುರುರಾಜ, ಹೀಗೆ ನಾಲ್ವರು. ಭಾನುವಾರದ ವಿಡಿಯೊ ಕಾಲ್‌ಗಳಲ್ಲಿ ಯಾವ ಟ್ರೇಲ್, ಯಾವ ಊರಲ್ಲಿ ತಂಗುವುದು, ಆ ಹಳ್ಳಿಗಳಲ್ಲಿ ಮೊಟ್ಟೆಯಿಲ್ಲದ ತಿಂಡಿ ಸಿಗುತ್ತದೋ ಇಲ್ಲವೋ ಎಂಬ ಚರ್ಚೆ. ಬರಬರುತ್ತಾ ಉಳಿದಿಬ್ಬರು ಕಾಲ್ ಬಿಟ್ಟ ಮೇಲೂ ಮಾತು ಮುಂದುವರಿಯತೊಡಗಿತು. ಗುರುರಾಜ ಅಲ್ಲಿನ ಹವಾಮಾನವನ್ನು ಆಕಾಶವಾಣಿ ವಾರ್ತೆಯ ಧಾಟಿಯಲ್ಲಿ ಓದುತ್ತಿದ್ದ. ಹರಿಣಿ ನಗುತ್ತಿದ್ದಳು. ವಿಚ್ಛೇದನದ ನಂತರ ತನ್ನ ನಗು ಇಷ್ಟು ಜೋರಾಗಿ ಕೇಳಿಸಿದ್ದು ಅವಳಿಗೇ ಹೊಸತು.

ಕಳೆದ ವಾರ ರವಿಶಂಕರ್‌ಗೆ ಬೆನ್ನು ಹಿಡಿದುಕೊಂಡಿತು. ಅವನನ್ನು ಬಿಟ್ಟು ಶ್ರೀಲತಾಳೂ ಹೊರಡುವಂತಿರಲಿಲ್ಲ. ಉಳಿದವರು ಇಬ್ಬರೇ. ಆದರೂ ಹರಿಣಿ ಬರುವುದಿಲ್ಲ ಎನ್ನಲಿಲ್ಲ.

"ಸರಿ, ಎರಡು ಮಾಡ್ತೀನಿ," ಗುರುರಾಜ ಲ್ಯಾಪ್‌ಟಾಪ್ ಮುಚ್ಚಿದ. "ಟ್ರಿಪ್ಪೇ ಬೇಡ ಅನ್ಸಿದ್ರೂ ಹೇಳಿ ಹರಿಣಿ. ನಂಗೇನೂ ಬೇಜಾರಿಲ್ಲ."

ಬೇಜಾರು ಅವನ ದನಿಯಲ್ಲೇ ಇತ್ತು. ಊಟಕ್ಕೂ ನಿಲ್ಲದೆ ಜಾಕೆಟ್ ಹಾಕಿಕೊಂಡು ಹೊರಟೇಬಿಟ್ಟ. ಹೊರಗೆ ಮಳೆಯೂ ಅಲ್ಲದ, ಹಿಮವೂ ಅಲ್ಲದ ಹನಿ ಬೀಳುತ್ತಿತ್ತು.

"ಇಂಥಾ ವೆದರ್‌ನಲ್ಲಿ ಕಾರ್ ಮುಟ್ಟಲ್ಲ ಅವ್ನು," ಶ್ರೀಲತಾ ಕಿಟಕಿಯಿಂದ ನೋಡುತ್ತಾ ಹೇಳಿದಳು. "ಮೆಟ್ರೋವರೆಗೂ ನಡೀತಾನೆ."

"ಯಾಕೆ?"

"ನನ್ನ ಯಾಕೆ ಕೇಳ್ತೀಯ? ಹೋಗಿ ಅವನನ್ನೇ ಕೇಳು."

ಸ್ವಲ್ಪ ದೂರದ ಫುಟ್‌ಪಾತ್‌ನಲ್ಲಿ ಅವನು ತಲೆ ತಗ್ಗಿಸಿ ನಡೆಯುತ್ತಿದ್ದ. ಕೀ ಹಿಡಿದು ಹೊರಟುಬಂದ ಹರಿಣಿ ಅವನ ಪಕ್ಕ ಕಾರು ನಿಲ್ಲಿಸಿ ಗಾಜು ಇಳಿಸಿದಳು.

"ಹತ್ತಿ."

ಹತ್ತಿ ಕೂತವನು ಕನ್ನಡಕ ಒರೆಸಿಕೊಂಡ. ಕನ್ನಡಕವಿಲ್ಲದ ಆ ಕಣ್ಣುಗಳಲ್ಲಿ ಬಯ್ಗುಳ ತಿಂದವನ ಪೆಚ್ಚು. ಅದನ್ನು ನೋಡಿ ಹರಿಣಿಗೆ ಹೇಳದೆ ಇರಲಾಗಲಿಲ್ಲ.

"ನನ್ನ ಎಕ್ಸ್‌ಗೆ ಕೋಪ ಬಂದ್ರೆ ಆಕ್ಸಿಲರೇಟರ್ ಒತ್ತೋನು. ನಾನು ಬೇಡ್ಕೊಂಡಷ್ಟೂ ಸ್ಪೀಡು. ಒಂದಿನ ಸಿಗ್ನಲ್‌ನಲ್ಲಿ ಡೋರ್ ತೆಗೆದು ಇಳ್ದೆ. ಮತ್ತೆ ಹತ್ತಲಿಲ್ಲ. ಈಗ್ಲೂ ಬೇರೆಯವರು ಓಡಿಸ್ತಿದ್ರೆ ನನ್ನ ಕಾಲು ಬ್ರೇಕ್ ಹುಡುಕತ್ತೆ, ಊಬರ್‌ನಲ್ಲೂ. ನಿಮ್ಮ ಮೇಲೆ ಏನೂ ಇಲ್ಲ ಗುರು."

ಗುರುರಾಜ ಕನ್ನಡಕ ಮತ್ತೆ ಹಾಕಿಕೊಂಡ.

"ಆದ್ರೆ ಹಿಂದೆ ಕೂರ್ತಿದ್ದವನು ನಾನು," ಎಂದ ಅವನು.

"ಅಂದ್ರೆ?"

"ನೀವು ಓಡಿಸ್ತೀರ ಅಂದ್ಕೊಂಡೇ ಟೂ-ಸೀಟರ್ ತಗೊಂಡಿದ್ದು. ಲಾಸ್ಟ್ ವಿಂಟರ್ ಬ್ರಿಡ್ಜ್ ಮೇಲೆ ನನ್ನ ಕಾರು ಐಸಲ್ಲಿ ಜಾರಿ ಗಿರಗಿರ ತಿರುಗ್ತು. ಯಾರಿಗೂ ಏನೂ ಆಗಲಿಲ್ಲ. ಅವತ್ತಿಂದ ರಸ್ತೆ ಬೆಳ್ಳಗೆ ಕಂಡ್ರೆ ಸಾಕು, ಕಾರ್ ಕೀ ಮನೇಲೇ ಇಟ್ಬಿಡ್ತೀನಿ. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು."

"ಮತ್ತೆ ಈ ಟ್ರಿಪ್‌ಗೆ ಯಾಕೆ ಒಪ್ಕೊಂಡ್ರಿ?"

"ನೀವು ಬರ್ತೀರ ಅಂತ."

ಎಷ್ಟು ಸರಳವಾಗಿ ಅಂದುಬಿಟ್ಟ. ಹರಿಣಿಯ ಕೆನ್ನೆ ಬಿಸಿಯಾಯಿತು. ಅದರ ಬೆನ್ನಿಗೇ ಹಳೆಯ ದಿಗಿಲೂ ಎದ್ದು ಬಂತು. ಮದುವೆಗೆ ಮುಂಚೆ ಆ ಮನುಷ್ಯನ ಮಾತೂ ಹೀಗೇ ಮೃದುವಾಗಿತ್ತು.

ಮೆಟ್ರೋ ಸ್ಟೇಷನ್ ಎದುರು ಅವಳು ಕಾರು ನಿಲ್ಲಿಸಿದಳು. ಅವನು ಇಳಿಯಲಿಲ್ಲ. ಅವಳೂ ಇಳಿಯಿರಿ ಎನ್ನಲಿಲ್ಲ.

"ನಂಗೆ ಭಯ ಆಗತ್ತೆ ಗುರು. ಇವತ್ತು ನೀವು ಇಷ್ಟು ಒಳ್ಳೆಯವರು. ಮುಂದೆ ನಿಮಗೂ ಕೋಪ ಬರತ್ತೆ. ಆಗ ನೀವು ಏನಾಗ್ತೀರೋ ನಂಗೊತ್ತಿಲ್ಲ."

ಅವನು ತುಸು ಯೋಚಿಸಿ, "ಇವತ್ತೇ ಬಂದಿತ್ತು," ಎಂದ. "ತುಂಬಾನೇ ಬಂದಿತ್ತು. ಎದ್ದು ನಡ್ಕೊಂಡು ಬಂದೆ, ಅಷ್ಟೇ."

ಹರಿಣಿ ಅವನತ್ತ ತಿರುಗಿದಳು. ಕೂದಲಿನ ತುದಿಯಲ್ಲಿ ಇನ್ನೂ ಕರಗದ ಮಂಜಿನ ಕಾಳುಗಳು. ಕಣ್ಣು ತಪ್ಪಿಸದೆ ಅವಳ ಉತ್ತರಕ್ಕೆ ಕಾಯುತ್ತಿದ್ದ.

"ಹೇಳದೆ ಎದ್ದು ಹೋಗೋದೂ ಸರಿಯಲ್ಲ," ಎಂದಳು ಹರಿಣಿ. "ಮುಂದಿನ ಸಲ ಕೂತು ಹೇಳಿ."

"ಮುಂದಿನ ಸಲ ಇದೆಯಾ?"

ಅವಳು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ನಿಧಾನವಾಗಿ ಕಾರನ್ನು ಮತ್ತೆ ರಸ್ತೆಗಿಳಿಸಿದಳು. ಸ್ಟೇಷನ್ ಹಿಂದೆ ಸರಿಯಿತು.

"ನಿಮ್ಮನೆಗೆ ಹೈವೇಲಿ ಯಾವ ಎಕ್ಸಿಟ್?" ಎಂದು ಕೇಳಿದಳು.