ಮೇಣ ಕುಡಿಯದ ಬೂಟು

"ಮೊನ್ನೆ ತಾನೇ ರಿಪೇರಿ ಮಾಡ್ಕೊಟ್ರಲ್ಲ... ನೋಡಿ, ಮತ್ತೆ ಸತ್ತು ಕೂತಿದೆ!"

ಹೇರ್ ಡ್ರೈಯರ್ ಕೌಂಟರಿನ ಮೇಲೆ ಠಪ್ಪೆಂದು ಬಿತ್ತು. ಮಿಕ್ಸಿಯೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ ಮೆಕ್ಯಾನಿಕ್ ತಲೆಯೆತ್ತಿದ. ಎದುರಿಗೆ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹುಡುಗಿ.

ಅವನು ಡ್ರೈಯರ್ ನೋಡಿದ. ಆಮೇಲೆ ಅವಳ ತಲೆ ನೋಡಿದ. ಟವೆಲ್ಲಿನಿಂದ ಎರಡು ಸಲ ಒರೆಸಿದರೆ ಒಣಗಿಹೋಗುವಷ್ಟು ಗಿಡ್ಡ ಕೂದಲು!

"ಬೇಜಾರ್ ಮಾಡ್ಕೋಬೇಡಿ... ಈ ತಲೆಗೆ ಇಷ್ಟೊಂದು ಗಾಳಿ ಯಾಕೆ?"

"ನನ್ನ ತಲೆ ವಿಷಯ ನಿಮಗ್ಯಾಕೆ? ಡ್ರೈಯರ್ ನೋಡಿ!"

ಅವನು ಬಾಯಿಗೆ ಬೀಗ ಹಾಕಿಕೊಂಡು ಸ್ಕ್ರೂ ಬಿಚ್ಚಿದ. ಒಳಗೆ ಗಾಳಿ ಎಳೆಯುವ ಜಾಲರಿಯ ತುಂಬ ಹಳದಿ ಅಂಟು. ಬೆರಳಿಗೆ ಹಚ್ಚಿ ಮೂಸಿದ.

"ಇದು ಜೇನುಮೇಣ ಅಲ್ವಾ?"

"ಹೌದು. ಅದು ಕೂದಲಿಗಲ್ಲ... ಬೂಟಿಗೆ."

"ಬೂಟಿಗಾ?!"

ಅವನು ನಕ್ಕೇಬಿಟ್ಟ. ಅವಳು ಕಣ್ಣು ಕೆಂಪು ಮಾಡಲು ಹೋಗಿ, ತಡೆಯಲಾರದೆ ತಾನೂ ನಕ್ಕಳು.

ಮನೆಯವರೆಲ್ಲ ಅವಳನ್ನು ಮೊಂಡಿ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕ ಹಠ. ಚಿಕ್ಕಂದಿನಿಂದ ಸೋದರಮಾವನ ಮನೆಯಲ್ಲೇ ಬೆಳೆದವಳು. ಮಾವ ಬೆಟ್ಟ ಹತ್ತುವವರನ್ನು ತಂಡ ಕಟ್ಟಿ ಕರೆದುಕೊಂಡು ಹೋಗುವವರು, ಮೊಂಡಿಯೂ ಅವರ ಜೊತೆ ಹತ್ತುವವಳೇ. ಬೂಟು, ಜಾಕೆಟ್, ಡೇರೆ, ಎಲ್ಲವನ್ನೂ ಬಾಡಿಗೆಗೆ ಕೊಡುವವರೂ ಅವರೇ. ಬಂದ ಸಾಮಾನನ್ನು ತೊಳೆದು, ಒಣಗಿಸಿ, ಮತ್ತೆ ನೀರು ಹೊಗದ ಹಾಗೆ ಮಾಡಿಡುವುದು ಮೊಂಡಿಯ ಕೆಲಸ. ಅದಕ್ಕೆ ಬೇರೆ ಕಾರ್ಖಾನೆ ಇರಲಿಲ್ಲ. ಅತ್ತೆಯ ಮನೆಯೇ ಕಾರ್ಖಾನೆ!

"ಚರ್ಮ ಬೆಚ್ಚಗಾದ್ರೆ ಮೇಣನ ಒಳಗೆ ಕುಡಿಯುತ್ತೆ," ಅವಳು ಕೌಂಟರಿಗೆ ಒರಗಿ ವಿವರಿಸಿದಳು. "ತಣ್ಣಗಿದ್ರೆ ಮೇಲೇ ನಿಂತಿರುತ್ತೆ. ನಡೀತಾ ನಡೀತಾ ಬಿರುಕು ಬಿಡುತ್ತೆ. ಆಮೇಲೆ ಹಿಮದ ನೀರೆಲ್ಲ ಬೂಟೊಳಗೇ."

"ಮೇಣ ಮೆತ್ತಿದ ಬೂಟಿನ ಮೇಲೇ ಇದರ ಬಾಯಿ ಇಟ್ರೆ, ಇದೂ ಕುಡಿಯುತ್ತೆ. ಅದಕ್ಕೇ ಸಾಯ್ತಿದೆ. ಒಂದು ಗೇಣು ದೂರ ಹಿಡೀರಿ."

'ಹೇಳೋ ರೀತಿ ನೋಡು... ಡಾಕ್ಟರ್ ಥರ!' ಎಂದುಕೊಂಡಳು ಮೊಂಡಿ. ದಾರಿಯುದ್ದಕ್ಕೂ ಆ ನಗುವೇ ನೆನಪಾಗುತ್ತಿತ್ತು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಆಮೇಲೆ ಆ ಮನೆಯಲ್ಲಿ ಒಂದಾದ ಮೇಲೆ ಒಂದು ಕೆಡತೊಡಗಿತು. ಬಟ್ಟೆ ಒಣಗಿಸುವ ಮೆಷಿನ್ ಗಡಗಡ ಎಂದಿತು. ಇಸ್ತ್ರಿಪೆಟ್ಟಿಗೆ ಬಿಸಿಯಾಗಲಿಲ್ಲ. ವ್ಯಾಕ್ಯೂಮ್ ಕ್ಲೀನರ್ ಡೇರೆಯ ಮರಳು ನುಂಗಿ ಉಸಿರುಗಟ್ಟಿತು. ಎಲ್ಲವೂ ತಾನಾಗಿಯೇ ಕೆಟ್ಟವೋ ಇಲ್ಲವೋ, ಅದು ಮೊಂಡಿಗೆ ಮಾತ್ರ ಗೊತ್ತು. ಮೆಕ್ಯಾನಿಕ್ ಟೂಲ್ ಪೆಟ್ಟಿಗೆ ಹಿಡಿದು ಬರುತ್ತಿದ್ದ.

"ಬಾರಪ್ಪ," ಅತ್ತೆ ಅವನೆದುರು ಗೋಳು ಹೇಳಿಕೊಂಡರು. "ನನ್ನ ಮನೇಲಿ ನನ್ನ ಇಸ್ತ್ರಿಪೆಟ್ಟಿಗೆ ನನಗೇ ಸಿಗಲ್ಲ. ಮೆಷಿನ್ ಬಾಗಿಲು ತೆಗೆದ್ರೆ ಟೆನಿಸ್ ಚೆಂಡು ಉರುಳ್ತವೆ!"

"ಚೆಂಡು ಯಾಕೆ?" ಅವನು ಮೊಂಡಿಯತ್ತ ತಿರುಗಿದ.

"ಪುಕ್ಕದ ಜಾಕೆಟ್ ಒದ್ದೆಯಾದ್ರೆ ಪುಕ್ಕ ಉಂಡೆ ಕಟ್ಟುತ್ತೆ. ಚೆಂಡು ಹೊಡೆದೂ ಹೊಡೆದೂ ಬಿಡಿಸುತ್ತೆ."

"ಮತ್ತೆ ಮಳೆ ಜಾಕೆಟ್?"

"ಅದಕ್ಕೆ ಏಟು ಬೇಡ, ಬಿಸಿ ಸಾಕು. ಮಂದ ಬಿಸೀಲಿ ತಿರುಗಿಸ್ಬೇಕು, ಇಲ್ಲ ಮೇಲೊಂದು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಆಡಿಸ್ಬೇಕು. ಬಟ್ಟೆ ಮೆತ್ತಗಾಗ್ಲಿ ಅಂತ ಹಾಕ್ತಾರಲ್ಲ, ಆ ಘಮಘಮ ದ್ರಾವಣ ಮಾತ್ರ ಮುಟ್ಟಿಸ್ಬಾರ್ದು. ಮುಟ್ಟಿಸಿದ್ರೆ ಜಾಕೆಟ್ ಸ್ಪಂಜ್ ಆಗಿಹೋಗುತ್ತೆ."

ಅವಳು ಜಾಕೆಟ್ಟಿನ ತೋಳಿನ ಮೇಲೆ ನೀರು ಚಿಮುಕಿಸಿದಳು. ಹನಿಗಳು ಗುಂಡಗೆ ನಿಂತು ಜಾರಿಹೋದವು. ಅವನು ಜಾಕೆಟ್ ನೋಡಲಿಲ್ಲ... ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಅವಸರವಾಗಿ ಜಾಕೆಟ್ ಮಡಿಸತೊಡಗಿದಳು.

ಹಿಂದೊಮ್ಮೆ ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಒಳ್ಳೆಯವನೇ. ಮದುವೆಯಾದ ಮೇಲೆ ಬೆಟ್ಟ ಗಿಟ್ಟ ಎಲ್ಲ ಬಂದ್ ಎಂದು ಅವನು ಮಾವನ ಹತ್ತಿರ ಮಾತಾಡಿಕೊಂಡು ಹೋಗಿದ್ದ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. "ನಿನ್ನ ಒಳ್ಳೇದಕ್ಕೇ ಅಲ್ವಾ?" ಎಂದಿದ್ದ. ಕಡ್ಡಿ ಮುರಿದ ಹಾಗೆ ಬೇಡ ಎಂದು ಬಂದಿದ್ದಳು ಮೊಂಡಿ.

ಮೆಕ್ಯಾನಿಕ್ ಬಂದುಹೋದ ವಾರವೇ ಮಾವ ಅವಳನ್ನು ಕರೆದರು.

"ಈ ಸಲ ಹಿಮದ ದಾರಿಗೆ ತಂಡನ ನೀನೊಬ್ಬಳೇ ಕರ್ಕೊಂಡು ಹೋಗು. ಸರಿಯಾಗಿ ಮುಗಿಸ್ಕೊಂಡು ಬಂದ್ರೆ ಮುಂದಿನ ದೊಡ್ಡ ಶಿಖರನೂ ನಿನ್ನದೇ. ಇಲ್ಲಾಂದ್ರೆ ನನ್ನ ಮಗ ಇದ್ದೇ ಇದಾನೆ."

ಎಷ್ಟು ವರ್ಷಗಳಿಂದ ಕಾದಿದ್ದ ಮಾತು! ಮೊಂಡಿ ಅಂದೇ ಬೂಟುಗಳನ್ನು ಸಾಲಾಗಿ ಹಾಸಿಕೊಂಡು ಕೂತಳು. ಅವಸರದಲ್ಲಿ ಡ್ರೈಯರಿನ ಮೂತಿ ತಾಗಿ ಬೆರಳು ಬೊಬ್ಬೆ ಎದ್ದಿತು. ಡ್ರೈಯರ್ ಸುಟ್ಟ ವಾಸನೆ ಬಂದು ನಿಂತೇಹೋಯಿತು.

ಅಂಗಡಿಯಲ್ಲಿ ಮೆಕ್ಯಾನಿಕ್ ಆ ಬೊಬ್ಬೆ ನೋಡಿ ಮುಖ ಸಣ್ಣದು ಮಾಡಿಕೊಂಡ. ಜಾಲರಿಯಲ್ಲಿ ಮೇಣ ಕರಕಲಾಗಿತ್ತು. 'ಇನ್ನು ಸ್ವಲ್ಪ ಹೊತ್ತಾಗಿದ್ರೆ ಅವಳ ಕೈಯಲ್ಲೇ ಹೊತ್ತಿಕೊಳ್ತಿತ್ತು...'

ಮಾರನೆಯ ದಿನ ಡ್ರೈಯರ್ ಅವಳ ಕೈಗೆ ಬಂತು. "ಇನ್ಮೇಲೆ ಇದು ಸುಡಲ್ಲ."

"ಏನ್ ಮಾಡಿದ್ರಿ?"

"ಏನಿಲ್ಲ... ಕ್ಲೀನ್ ಮಾಡ್ದೆ ಅಷ್ಟೆ."

ಮೊಂಡಿ ನಂಬಿದಳು. ಎಲ್ಲ ಬೂಟಿಗೂ ಮೇಣ ಹಚ್ಚಿ ಅವಸರದಲ್ಲೇ ಡ್ರೈಯರ್ ಆಡಿಸಿದಳು. ಮಿರಮಿರ ಮಿಂಚಿದವು. ನೀರಿನ ಹನಿ ಹಾಕಿ ನೋಡಿದಳು, ಜಾರಿತು. ಗಂಟು ಮೂಟೆ ಕಟ್ಟಿ ಹೊರಟೇಬಿಟ್ಟಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ದಾರಿ ಅರ್ಧ ಸವೆಯುವ ಹೊತ್ತಿಗೆ ತಂಡದ ಟೀಚರಮ್ಮ ಒಬ್ಬರು ಕುಂಟತೊಡಗಿದರು. ಬೂಟು ಬಿಚ್ಚಿ ನೋಡಿದರೆ ಕಾಲುಚೀಲ ಹಿಂಡುವಷ್ಟು ಒದ್ದೆ. ಬೆರಳುಗಳು ಬೆಳ್ಳಗೆ, ಮುಟ್ಟಿದರೆ ಅವರಿಗೆ ಗೊತ್ತಾಗುತ್ತಿಲ್ಲ! ಮೊಂಡಿ ಉಳಿದವರ ಬೂಟನ್ನೂ ಬಿಚ್ಚಿಸಿದಳು. ಎಲ್ಲರದೂ ಅದೇ ಕಥೆ.

"ಇನ್ನೇನು ಹತ್ತಿರ ಬಂದ್ವಲ್ಲ, ಹೋಗೇಬಿಡೋಣ," ಎಂದರು ಕೆಲವರು.

ಅವಳು ಮೇಲಿನ ದಾರಿಯನ್ನೊಮ್ಮೆ ನೋಡಿದಳು. "ಇಲ್ಲ. ವಾಪಸ್ ಹೋಗ್ತಿದ್ದೀವಿ," ಎಂದಳು. ಟೀಚರಮ್ಮನ ಪಾದಗಳನ್ನು ತನ್ನ ಜಾಕೆಟ್ಟಿನೊಳಗೆ ಹೊಟ್ಟೆಗೊತ್ತಿ ಬೆಚ್ಚಗೆ ಮಾಡಿ, ತನ್ನ ಒಣ ಕಾಲುಚೀಲ ತೊಡಿಸಿ, ಎಲ್ಲರನ್ನೂ ಇಳಿಸಿಕೊಂಡು ಬಂದಳು. ಯಾರ ಬೆರಳಿಗೂ ಏನೂ ಆಗಲಿಲ್ಲ.

"ಬೂಟಿಗೆ ಮೇಣ ಹಾಕಿದ್ದು ಯಾರು?" ಮಾವ ಇಷ್ಟೇ ಕೇಳಿದರು.

"ನಾನೇ."

"ಹಾಗಾದ್ರೆ ಶಿಖರಕ್ಕೆ ನನ್ನ ಮಗ ಹೋಗ್ತಾನೆ."

ಅವಳು ತಲೆ ತಗ್ಗಿಸಿದಳು. ತಪ್ಪು ತನ್ನದೇ ಎಂದ ಮೇಲೆ ಯಾರ ಮೇಲೆ ಹಾಯುವುದು?

ಬೂಟುಗಳನ್ನು ಮತ್ತೆ ಸರಿಮಾಡಬೇಕಿತ್ತು. ಮೇಣ ಹಚ್ಚಿ ಎಷ್ಟು ಹೊತ್ತು ಗಾಳಿ ಬಿಟ್ಟರೂ ಅದು ಮೇಲೆಯೇ ನಿಂತಿತ್ತು. ಬೇಸತ್ತು ಅತ್ತೆಯ ಡ್ರೈಯರ್ ತಂದು ಹಿಡಿದಳು. ಕಣ್ಣೆದುರೇ ಮೇಣ ಕರಗಿ ಚರ್ಮದೊಳಗೆ ಇಂಗಿಹೋಯಿತು.

ಮೊಂಡಿ ಎರಡೂ ಡ್ರೈಯರ್ ಹಚ್ಚಿ ಅಂಗೈಗೆ ಹಿಡಿದು ನೋಡಿದಳು. ಒಂದು ಸುಡುತ್ತಿತ್ತು. ಇನ್ನೊಂದು ಬರೀ ಉಗುರುಬೆಚ್ಚಗೆ.

ಅಂಗಡಿಗೆ ಹೇಗೆ ಬಂದು ನಿಂತಳೋ ಅವಳಿಗೇ ತಿಳಿಯದು.

"ಇದಕ್ಕೆ ಏನ್ ಮಾಡಿದ್ರಿ? ನಿಜ ಹೇಳಿ."

ಮೆಕ್ಯಾನಿಕ್ ಸುಳ್ಳು ಹೇಳಲಿಲ್ಲ. "ಒಳಗೆ ಗಾಳಿ ಬಿಸಿ ಮಾಡೋ ಎರಡು ಕಾಯಿಲ್ ಇರುತ್ತೆ. ಒಂದನ್ನ ಕತ್ತರಿಸಿದ್ದೆ... ನಿಮ್ಮ ಕೈ ಸುಟ್ಟಿತ್ತು. ಬೆಂಕಿ ಹತ್ತಿಕೊಂಡ್ರೆ ಅಂತ ಹೆದರಿಕೆ ಆಯ್ತು. ಹೇಳಿದ್ರೆ ನೀವು ಬೇಡ ಅಂತೀರಿ ಅಂತ..."

"ಅಂತ ಹೇಳ್ಲೇ ಇಲ್ಲ! ಬೂಟೆಲ್ಲ ನೀರು ಕುಡೀತು. ಒಬ್ಬರ ಕಾಲು ಹೋಗ್ತಿತ್ತು, ಗೊತ್ತಾ ನಿಮಗೆ?"

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ... ನಾನು ನಿಮ್ಮ ಒಳ್ಳೇದಕ್ಕೇ..."

"ಆ ಮಾತು ಆಡ್ಬೇಡಿ!" ಅವಳು ಡ್ರೈಯರನ್ನು ಕೌಂಟರಿನ ಮೇಲೆ ಕುಕ್ಕಿದಳು. "ನನ್ನ ಒಳ್ಳೇದಕ್ಕೆ ಅಂತ ನನ್ನ ಬೆನ್ನ ಹಿಂದೆ ತೀರ್ಮಾನ ಮಾಡಿದವನೊಬ್ಬನ್ನ ಬಿಟ್ಟು ಬಂದಿದ್ದೀನಿ. ನೀವೂ ಅವನ ಹಾಗೇ. ನಿಮ್ಮ ಕೈಯಲ್ಲಿ ಸ್ಕ್ರೂಡ್ರೈವರ್ ಇದೆ, ಅಷ್ಟೇ ವ್ಯತ್ಯಾಸ!"

ಡ್ರೈಯರ್ ಅಲ್ಲಿಯೇ ಬಿಟ್ಟು ಹೊರಟಳು. ಬೀದಿ ತಿರುಗುವತನಕ ತಡೆದುಕೊಂಡ ಅಳು ಆಮೇಲೆ ತಡೆಯಲಿಲ್ಲ. ಶಿಖರ ಕೈತಪ್ಪಿದ್ದಕ್ಕೆ ಒಂದು ಹನಿಯೂ ಬಂದಿರಲಿಲ್ಲ. ಈಗ ಬರುತ್ತಿತ್ತು... ಅವನನ್ನು ಅಷ್ಟು ನಂಬಿದ್ದಳು.

ಅದಾದ ಮೇಲೆ ಮನೆಯಲ್ಲಿ ಯಾವುದೂ ಕೆಡಲಿಲ್ಲ. "ಎಲ್ಲ ಮೆಷಿನ್‌ಗೂ ಒಟ್ಟಿಗೇ ಬುದ್ಧಿ ಬಂತಲ್ಲ!" ಎಂದು ಅತ್ತೆ ಅವಳ ಮುಖ ನೋಡಿದರು. ಮೊಂಡಿ ಬೂಟುಗಳನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದಳು.

ಒಂದು ಬೆಳಿಗ್ಗೆ ಅವಳು ಅಂಗಳದಲ್ಲಿ ಡೇರೆ ಒಣಹಾಕುತ್ತಿದ್ದಾಗ ಅವನು ಗೇಟಿನ ಹೊರಗೆ ಬಂದು ನಿಂತ. ಗೇಟು ತೆರೆದೇ ಇತ್ತು. ಅವನು ಒಳಗೆ ಬರಲಿಲ್ಲ.

"ನಿಮ್ಮ ಮಾವನ ಹತ್ರ ತಪ್ಪು ನನ್ನದು ಅಂತ ಹೇಳೋಣ ಅಂತ ಹೊರಟಿದ್ದೆ. ಅರ್ಧ ದಾರಿ ಬಂದ್ಮೇಲೆ ಹೊಳೀತು, ಇದನ್ನೂ ನಿಮ್ಮನ್ನ ಕೇಳ್ದೆ ಮಾಡ್ತಿದ್ದೀನಲ್ಲ ಅಂತ. ಅದಕ್ಕೆ ಕೇಳ್ತಿದ್ದೀನಿ. ಹೇಳ್ಲಾ? ಬೇಡ ಅಂದ್ರೆ ಹಿಂದಕ್ಕೆ ಹೋಗ್ತೀನಿ."

ಮೊಂಡಿಯ ಕೈಯಲ್ಲಿದ್ದ ಹಗ್ಗ ಅಲ್ಲೇ ನಿಂತಿತು. ಅವಳ ವಿಷಯಕ್ಕೆ ಅವಳನ್ನೇ ಕೇಳಿದ್ದು... ಇದೇ ಮೊದಲು.

"ನೀವು ಹೇಳೋದು ಬೇಡ," ಎಂದಳು. "ನಾನೇ ಹೇಳ್ತೀನಿ. ನೀವು ಜೊತೆಗೆ ಬನ್ನಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ."

ಮಾವ ಪೂರ್ತಿ ಕೇಳಿಸಿಕೊಂಡರು. ಅವರ ಮುಖ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ.

"ಬೂಟು ಬಿಸಿಯಾಗಿದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡಿದ್ಯಾ?"

"ಇಲ್ಲ ಮಾವ. ಮೆಷಿನ್ ನಂಬಿದೆ."

"ಮೆಷಿನ್ನೋ, ಮೆಕ್ಯಾನಿಕ್ಕೋ?" ಅಡುಗೆಮನೆಯಿಂದ ಅತ್ತೆಯ ದನಿ ಬಂತು. ಇಬ್ಬರ ಮುಖವೂ ಕೆಂಪಾಯಿತು.

"ಹನಿ ಹಾಕಿದ್ರೆ ಸಾಲದು, ಟಬ್ಬಿನ ನೀರಲ್ಲಿ ನಿಲ್ಲಿಸಿ ನೋಡ್ಬೇಕು. ಅದು ನಿನ್ನ ತಪ್ಪು," ಎಂದರು ಮಾವ. "ನೀನಪ್ಪ, ಬೇರೆಯವರ ಸಾಮಾನಿಗೆ ಏನು ಮಾಡಿದ್ರೂ ಹೇಳಿ ಮಾಡು. ಅದು ನಿನ್ನ ತಪ್ಪು. ಶಿಖರ ಈ ಸಲ ನನ್ನ ಮಗನಿಗೇ, ಆಡಿದ ಮಾತು ಆಡಿದ್ದೇ. ಆದ್ರೆ ಹಿಮದ ದಾರಿಗೆ ಅದೇ ತಂಡ ಮತ್ತೆ ಬರುತ್ತಂತೆ. ಆ ಟೀಚರಮ್ಮ ಫೋನ್ ಮಾಡಿದ್ರು. ನಮ್ಮನ್ನ ವಾಪಸ್ ಕರ್ಕೊಂಡು ಬಂದ ಹುಡುಗಿ ಇದ್ರೇನೇ ಬರ್ತೀವಿ ಅಂದ್ರು."

ಮೊಂಡಿಯ ಕಣ್ಣು ತುಂಬಿ ಬಂತು.

"ಅಳೋದು ಆಮೇಲೆ. ಬೂಟು ಬಿದ್ದಿವೆ, ಹೋಗು," ಎಂದು ಮಾವ ಪೇಪರ್ ಕೈಗೆತ್ತಿಕೊಂಡರು.

ಮಧ್ಯಾಹ್ನದ ಬಿಸಿಲು ಹಿತ್ತಿಲ ಕೋಣೆಗೆ ಬಿದ್ದಿತ್ತು. ಒಂದು ಕಡೆ ಬಟ್ಟೆ ಒಣಗಿಸುವ ಮೆಷಿನ್ ಜಾಕೆಟ್ಟುಗಳನ್ನು ತಿರುಗಿಸುತ್ತಿತ್ತು. ನೆಲದ ಮೇಲೆ ಬೂಟುಗಳ ಸಾಲು. ಅವನು ಹೊಸ ಕಾಯಿಲ್ ಹಾಕಿದ ಡ್ರೈಯರನ್ನು ಗೇಣು ದೂರದಲ್ಲಿ ಹಿಡಿದಿದ್ದ. ಅವಳು ಮೇಣ ಉಜ್ಜುತ್ತಿದ್ದಳು.

"ಎಷ್ಟು ಬಿಸಿ ಆಗ್ಬೇಕು?"

ಅವಳು ಅವನ ಅಂಗೈ ಹಿಡಿದು ಬೂಟಿನ ಮೇಲಿಟ್ಟಳು. "ಇಷ್ಟು."

ಅವನು ಕೈ ತೆಗೆಯಲಿಲ್ಲ. ಅವಳೂ ತೆಗೆಯಲಿಲ್ಲ.

"ನಿಮ್ಮನ್ನ ಕೇಳ್ದೆ ಮಾಡಿದ್ದು ಇನ್ನೂ ಒಂದಿದೆ," ಎಂದ ಮೆಲ್ಲಗೆ.

"ಅಯ್ಯೋ ದೇವರೇ! ಈಗ ಯಾವುದು? ಇಸ್ತ್ರಿಪೆಟ್ಟಿಗೆನಾ?"

"ಅಲ್ಲ."

"ಬಟ್ಟೆ ಒಣಗಿಸೋ ಮೆಷಿನ್ನಾ?!"

"ಯಾವ ಮೆಷಿನ್ನೂ ಅಲ್ಲ. ನಿಮ್ಮನ್ನ ಪ್ರೀತಿಸ್ತಿದ್ದೀನಿ. ಕೇಳಿ ಮಾಡೋಣ ಅನ್ನೋಷ್ಟರಲ್ಲಿ... ಆಗೇಹೋಗಿತ್ತು."

ಮೊಂಡಿ ಇನ್ನೊಂದು ಕೈಯಲ್ಲಿದ್ದ ಮೇಣ ಕೆಳಗಿಟ್ಟು ಅವನತ್ತ ತಿರುಗಿದಳು.

"ನಾನು ಬೆಟ್ಟ ಬಿಡಲ್ಲ. ಮದುವೆಯಾದ್ರೂ ಬಿಡಲ್ಲ, ಮಕ್ಕಳಾದ್ರೂ ಬಿಡಲ್ಲ."

"ಗೊತ್ತು."

"ಹೋಗ್ಬೇಡ ಅನ್ನಲ್ವಾ?"

"ಅನ್ನಲ್ಲ. ಆದ್ರೆ ಭಯ ಆಗುತ್ತೆ." ಅವನು ಅವಳ ಕಣ್ಣು ನೋಡಿದ. "ಭಯ ಆಗುತ್ತೆ ಅಂತ... ಹೇಳಬಹುದಾ?"

ಎಷ್ಟೋ ದಿನದಿಂದ ಬಿಗಿದುಕೊಂಡಿದ್ದ ಅವಳ ಎದೆ ಆ ಒಂದು ಪ್ರಶ್ನೆಗೆ ಹಗುರವಾಯಿತು.

"ಹೇಳಬಹುದು," ಎಂದಳು. "ಹೋಗುವಾಗೆಲ್ಲ ಹೇಳು. ನಾನು ಕೇಳಿಸ್ಕೊಂಡೇ ಹೋಗ್ತೀನಿ."

"ಹೇಳು... ಅಂದ್ರಾ?"

"ಹೂಂ, ಹೇಳು ಅಂದೆ." ಅವಳು ನಗು ತಡೆದುಕೊಂಡು ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದಳು. "ಆ ಇನ್ನೊಂದು ಬೂಟು ಇತ್ತ ಕೊಡು. ತಣ್ಣಗಾಗ್ತಿದೆ."