ಏಳು ದಿನದ ಮುತ್ತಿಗೆ

ಕೊಲೆ ಮಾಡಿದ್ದು ನರ್ಸ್ ಎಂದು ಊರಿಗೆಲ್ಲ ಸಾರಿದವರನ್ನು ನಾನು ಸುಮ್ಮನೆ ಬಿಡುವವಳಲ್ಲ.

ನಮ್ಮ ಪತ್ರಿಕೆಯ ಶುಕ್ರವಾರದ ಪುರವಣಿಯಲ್ಲಿ 'ಈ ವಾರ ನೋಡಿ' ಎಂಬ ಪುಟವಿದೆ. ಮೇಲಿನ ಅರ್ಧ ನನ್ನದು, ಸಸ್ಪೆನ್ಸ್ ಸಿನಿಮಾಗಳು. ಕೆಳಗಿನ ಅರ್ಧ ಮೇಷ್ಟ್ರದ್ದು, ಇತಿಹಾಸದ ಡಾಕ್ಯುಮೆಂಟರಿಗಳು. ಹಿಂದೆ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರೆಂದು ಆ ಹೆಸರು. ನನಗಿಂತ ಎರಡೇ ವರ್ಷ ದೊಡ್ಡವರು. ನನ್ನ ಬರಹವನ್ನು ಅವರು, ಅವರದನ್ನು ನಾನು ಓದಿ ಸಹಿ ಹಾಕಬೇಕು. ಫೋಟೊಗಳು ಪುಟ ಸೇರುವುದು ಅದಾದ ಮೇಲೆ.

ಓದುವ ನೆಪದಲ್ಲಿ ಟೀ, ಟೀ ನೆಪದಲ್ಲಿ ಮಾತು. ನನ್ನ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣಗೆ 'ಹೆದರಿದೆ' ಎಂದು ಬರೆದು, ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದರು. ಆ ನೋಟಕ್ಕಾಗಿ ವಾರವಿಡೀ ಕಾಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಆ ಶುಕ್ರವಾರ ಬಂತು. ನಾನು ಮೆಚ್ಚಿ ಬರೆದ ಸಿನಿಮಾದ ಫೋಟೊ ಕೆಳಗೆ 'ಕೊಲೆ ಮಾಡಿದ ನರ್ಸ್' ಎಂದು ಅಚ್ಚಾಗಿತ್ತು. ಕೊನೆಯ ಗುಟ್ಟೇ ಬಯಲಾಯಿತೆಂದು ಓದುಗರು ಫೋನಿನಲ್ಲಿ ನನ್ನ ನೀರಿಳಿಸಿದರು. ಸಂಪಾದಕರು ಇಬ್ಬರನ್ನೂ ಕರೆಸಿ ಕೇಳಿದಾಗ ಮೇಷ್ಟ್ರು ತಲೆ ತಗ್ಗಿಸಿ, ಕೊನೇ ಗಳಿಗೆಯಲ್ಲಿ ಆ ಸಾಲು ಹಾಕಿದ್ದು ತಾವೇ ಎಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಟೀ ಕುಡಿಸಿ, ನಗಿಸಿ, ಕೊನೆಗೆ ಇಡೀ ಪುಟ ನುಂಗಲು ಹೊರಟಿದ್ದಾರೆ ಎಂದುಕೊಂಡೆ. ಏನೋ ಹೇಳಲು ಎರಡು ಸಲ ನನ್ನ ಟೇಬಲ್ಲಿಗೆ ಬಂದರು. ಎರಡು ಸಲವೂ ಕುರ್ಚಿ ತಿರುಗಿಸಿಕೊಂಡೆ.

ಸೇಡಿಗೆ ಹೆಚ್ಚು ಕಾಯಬೇಕಾಗಲಿಲ್ಲ. ಮುಂದಿನ ತಿಂಗಳು ಅವರು ಒಂದು ಕೋಟೆಯ ಮುತ್ತಿಗೆಯ ಡಾಕ್ಯುಮೆಂಟರಿ ನೋಡಿ ಎಂದು ಬರೆದಿದ್ದರು. ಒಳಗಿದ್ದ ಜನ ಎಪ್ಪತ್ತು ದಿನ ಹಸಿವು ತಡೆದುಕೊಂಡ ಕಥೆ. ಬರಹದಲ್ಲಿ 'ಏಳು ದಿನ' ಎಂದಿತ್ತು. ಆ ಎಪ್ಪತ್ತು ದಿನವನ್ನು ಹಿಂದೊಮ್ಮೆ ಅವರೇ ಟೀ ಆರುವ ತನಕ ನನಗೆ ವರ್ಣಿಸಿದ್ದರು. ಸಾಲನ್ನು ಎರಡು ಸಲ ಓದಿದೆ. ನಗುತ್ತಲೇ ಸಹಿ ಹಾಕಿದೆ.

ಓದುಗರು ಬಿಟ್ಟಾರೆಯೇ? ಏಳು ದಿನ ಊಟ ಬಿಡುವುದು ಸಿಟ್ಟು ಬಂದರೆ ನನ್ನ ಹೆಂಡತಿಗೂ ಗೊತ್ತು ಎಂದು ಒಬ್ಬರು ಬರೆದರು. ಇದು ಎರಡನೇ ತಪ್ಪು ಎಂದು ಸಂಪಾದಕರು ಮೇಷ್ಟ್ರ ಅರ್ಧ ಪುಟವನ್ನೂ ನನಗೇ ಕೊಟ್ಟು, ಅವರನ್ನು ಕೆಳಗಿನ ಮಹಡಿಯ ಬೇರೆ ವಿಭಾಗಕ್ಕೆ ಕಳಿಸಿದರು. ಖಾಲಿಯಾದ ಅವರ ಟೇಬಲ್ಲನ್ನು ಕಣ್ತುಂಬ ನೋಡಿದೆ.

ಗೆದ್ದ ಖುಷಿ ಸೋಮವಾರದ ತನಕವಷ್ಟೇ ಇತ್ತು. ಪುಟ ಕಟ್ಟುವ ಹುಡುಗಿ ನಾನು ಕಳಿಸಿದ ಫೋಟೊ ತೆರೆದು ಹಣೆ ಚಚ್ಚಿಕೊಂಡಳು.

"ಅಕ್ಕಾ, ಮತ್ತೆ ಫೈಲಿಗೆ 'ವಿಷ ಹಾಕಿದ ತಮ್ಮ' ಅಂತ ಹೆಸರಿಟ್ಟಿದ್ದೀರಲ್ಲ. ಫೋಟೊ ಕೆಳಗೆ ಏನು ಹಾಕ್ಬೇಕು ಅಂತ ನೀವು ಬರೆದು ಕೊಡದಿದ್ರೆ ಫೈಲ್ ಹೆಸರೇ ಅಚ್ಚಾಗುತ್ತೆ. ನರ್ಸ್‌ದೂ ಹಾಗೇ ಆಗಿದ್ದು. ನಿಮ್ಮ ಕೆಲಸ ಹೋಗುತ್ತೆ ಅಂತ ಮೇಷ್ಟ್ರು ತಮ್ಮ ಮೇಲೆ ಹಾಕ್ಕೊಂಡ್ರು."

ಇಂಗು ತಿಂದ ಮಂಗನಂತಾದೆ. ನೇರ ಸಂಪಾದಕರ ಕೋಣೆಗೆ ಹೋಗಿ ಎರಡನ್ನೂ ಒಪ್ಪಿಕೊಂಡೆ. ಇಡೀ ಪುಟ ಮೇಷ್ಟ್ರಿಗೆ ಹೋಯಿತು. ನನಗೆ ಮೂರು ತಿಂಗಳು ಹವಾಮಾನ ವರದಿ.

ಮೇಷ್ಟ್ರು ಮೆಟ್ಟಿಲ ಬಳಿಯ ಕಿಟಕಿಗೆ ಒರಗಿ ನಿಂತಿದ್ದರು. ಬೆಳಗಿನ ಬಿಸಿಲು ಅವರ ಭುಜದ ಮೇಲಿತ್ತು. ಎದುರು ಹೋಗಿ ನಿಂತೆ.

"ತಪ್ಪು ಕಂಡೂ ಸಹಿ ಹಾಕಿದೆ. ಬೇಕಂತಲೇ."

"ಗೊತ್ತು. ಆ ಎಪ್ಪತ್ತು ದಿನದ ಕಥೆ ನಿಮಗೆ ಬಿಟ್ರೆ ಇಲ್ಲಿ ಯಾರಿಗೂ ಹೇಳಿಲ್ಲ ನಾನು."

ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ತಾವು ಬರೆದ ತಪ್ಪಿಗೆ ಓದಿ ಸಹಿ ಹಾಕಿದವರನ್ನು ಹಿಡಿದುಕೊಡುವುದು ತಮಗೆ ಬರುವುದಿಲ್ಲ ಎಂದರು. ನನಗೆ ಅಳು ಉಕ್ಕಿ ಬಂತು.

"ನಿಮ್ಮನ್ನ ಇಷ್ಟಪಡದೇ ಇದ್ದಿದ್ರೆ ನನಗೆ ಅಷ್ಟು ಸಿಟ್ಟು ಬರ್ತಿರಲಿಲ್ಲ," ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಕ್ಷಮಿಸಿದೆ ಅಂದ್ರೆ ಸುಳ್ಳಾಗುತ್ತೆ. ನಾನೂ ಸೇಡು ತೀರಿಸ್ಕೋಬೇಕು."

"ತೀರಿಸ್ಕೊಳ್ಳಿ."

"ಕಾಲುವೆಗಳ ಚರಿತ್ರೆ ಬಗ್ಗೆ ಒಂದು ಡಾಕ್ಯುಮೆಂಟರಿ ಇದೆ. ಹನ್ನೆರಡು ಕಂತು. ಭಾನುವಾರಕ್ಕೊಂದರಂತೆ ನಮ್ಮನೇಲಿ ಕೂತು ಪೂರ್ತಿ ನೋಡ್ಬೇಕು, ನಮ್ಮಮ್ಮನ ಪಕ್ಕ."

ಹನ್ನೆರಡು ಭಾನುವಾರ ಪಕ್ಕದಲ್ಲಿ ಕೂತವಳನ್ನು ಬರೀ ಆಫೀಸಿನವಳು ಎಂದು ಯಾವ ಅಮ್ಮ ನಂಬುತ್ತಾರೆ ಎಂದು ಕಣ್ಣೊರೆಸಿಕೊಂಡು ಕೇಳಿದೆ.

"ನಂಬಬಾರದು ಅಂತಲೇ ಕರೀತಿರೋದು," ಎಂದರು ಮೇಷ್ಟ್ರು.