ಲಕೋಟೆಯಲ್ಲಿ ಬಂದ ಮಾತ್ರೆ

"ನಿಮ್ಮ ಮಾತ್ರೆ ಡಬ್ಬಿ ತೋರಿಸ್ತೀರಾ?"

ಬಾಗಿಲಲ್ಲಿ ನಿಂತ ಅಪರಿಚಿತ ಗಂಡಸು ಸಲಾಮು ಹೇಳಿದ ಮರುಕ್ಷಣವೇ ಕೇಳಿದ ಮಾತಿದು. ಹಾಜರಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಖಾಕಿ ಚೀಲ... ಕಣ್ಣು ಮಾತ್ರ ಅವಳ ಮುಖ ಬಿಟ್ಟು ಕದಲುತ್ತಿಲ್ಲ!

'ಕಳ್ಳನೋ, ಪೊಲೀಸನೋ?'

"ನಾನು ಅಬ್ದುಲ್ ವಹಾಬ್. ಶಿವಮೊಗ್ಗದ ಕ್ಷಯದ ದವಾಖಾನೆಯಿಂದ ಬಂದಿದೀನಿ. ರೋಗಿಗಳಿಗೆ ಮಾತ್ರೆ ಕೊಟ್ಟು, ಅವರು ತಗೋತಿದಾರಾ ಅಂತ ಮನೆಮನೆಗೆ ಹೋಗಿ ನೋಡೋದೇ ನನ್ನ ಕೆಲಸ."

"ಹೇಳದೆ ಕೇಳದೆ ಬಂದಾ?"

"ಹೇಳಿ ಬಂದ್ರೆ ಎಲ್ಲರೂ ತಗೊಂಡಿರ್ತಾರೆ."

ಅಂದರೆ ಅವಳ ಮೇಲೇ ಅನುಮಾನ! ಹಾಜರಾಳಿಗೆ ಮೈಯೆಲ್ಲ ಉರಿಯಿತು. ಅನುಮಾನ ಪಡುವುದು ತನ್ನೊಬ್ಬಳ ಹಕ್ಕು ಎಂದುಕೊಂಡಿದ್ದವಳು ಅದನ್ನು ಹೇಗೆ ಸಹಿಸಿಯಾಳು?

ಪಾಪ, ಅವಳ ಅನುಮಾನಕ್ಕೂ ಕಾರಣವಿತ್ತು. ಕಫದಲ್ಲಿ ರಕ್ತ ಕಂಡ ವಾರದಲ್ಲೇ ನಿಶ್ಚಯವಾಗಿದ್ದ ನಿಕಾಹ್ ಮುರಿದುಬಿದ್ದಿತ್ತು. ಇದು ೧೯೬೧ರ ಮಾತು. ಭದ್ರಾವತಿಯ ಆ ಓಣಿಯಲ್ಲಿ ಕ್ಷಯ ಎಂದರೆ ಸಾವು ಎಂದೇ ಅರ್ಥ. ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೆ ವಾಸಿಯಾಗುತ್ತದೆ ಎಂಬ ಹೊಸ ಮಾತನ್ನು ಯಾರು ತಾನೇ ನಂಬುತ್ತಾರೆ?

ಅದರ ಮೇಲೆ ಪಕ್ಕದ ಮನೆಯ ಹೂವಮ್ಮ ಬೇರೆ. ಅದೇ ಕಾಯಿಲೆ, ಅದೇ ದವಾಖಾನೆ. ಆದರೆ ಅವಳಿಗೆ ದೊಡ್ಡ ದೊಡ್ಡ ಮಾತ್ರೆಗಳು, ಹಾಜರಾಳಿಗೆ ಬರೀ ಸಣ್ಣವು.

"ಹೂವಕ್ಕನಿಗೆ ಯಾಕೆ ಬೇರೆ ಮಾತ್ರೆ? ನನ್ನದು ಅಗ್ಗದ್ದಾ?"

"ಡಾಕ್ಟರು ಹೇಳಲಿಲ್ವಾ?"

"ಭಾಯಿಗೆ ಹೇಳಿದ್ರು. ಭಾಯಿ ತಲೆ ಆಡಿಸಿದ್ರು. ನನ್ನನ್ನ ಯಾರು ಕೇಳ್ತಾರೆ?"

ಅವಳ ಅಣ್ಣ ಜಲೀಲ್ ಲಾರಿ ಮೆಕ್ಯಾನಿಕ್. ಡಾಕ್ಟರ ಮುಂದೆ ನಿಂತರೆ ಎಲ್ಲದಕ್ಕೂ ಹೂಂ ಎನ್ನುವ ಸಾಧು ಪ್ರಾಣಿ.

ವಹಾಬ್ ಹೊಸ್ತಿಲ ಹೊರಗಿನ ಜಗಲಿಯ ಮೇಲೆ ಕುಳಿತ. "ಹಾಗಾದ್ರೆ ನಾನು ಹೇಳ್ತೀನಿ, ಕೇಳಿ. ಔಷಧಿ ಎರಡು ಥರ ಇದೆ. ಎರಡರಿಂದಲೂ ಜನ ಸುಧಾರಿಸಿದಾರೆ. ಯಾವುದು ಹೆಚ್ಚು ಒಳ್ಳೇದು ಅಂತ ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳೋಕೇ ಈ ಪರೀಕ್ಷೆ. ಯಾರಿಗೆ ಯಾವುದು ಅನ್ನೋದು ಮುಚ್ಚಿದ ಲಕೋಟೆ ಒಡೆದಾಗ ಬಂದ ಹಾಗೆ."

"ನನ್ನ ಜೀವಕ್ಕೆ ಚೀಟಿ ಎತ್ತಿದ್ರಾ?"

"ಹೂಂ. ಬೇಡ ಅಂದ್ರೆ ಈಗಲೂ ಬಿಡಬಹುದು, ಬೇರೆ ಚಿಕಿತ್ಸೆ ಕೊಡ್ತಾರೆ. ಇದನ್ನ ನಿಮಗೇ ಹೇಳಬೇಕಿತ್ತು."

ಸಾಯ್ತಾಳೆ ಎಂದವರಿದ್ದರು, ಏನೂ ಆಗಲ್ಲ ಎಂದವರಿದ್ದರು... ಗೊತ್ತಿಲ್ಲ ಎಂದವನು ಇವನೊಬ್ಬನೇ. ಅವಳು ಒಳಗೆ ಹೋಗಿ ಡಬ್ಬಿ ತಂದು ಅವನ ಮುಂದಿಟ್ಟಳು.

ಆಮೇಲೆ ಅವನು ಬಂದಾಗಲೆಲ್ಲ ಪ್ರಶ್ನೆಗಳ ಸುರಿಮಳೆ. ತಟ್ಟೆ ಬೇರೆ ಇಡಬೇಕಾ? ಜ್ವರ ಬಿಟ್ಟ ಮೇಲೂ ಮಾತ್ರೆ ಯಾಕೆ? ಅವನು ಗೊತ್ತಿದ್ದುದನ್ನು ಹೇಳುತ್ತಿದ್ದ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದ. ಬರುಬರುತ್ತ ಅವನ ಸೈಕಲ್ ಬೆಲ್ ಕೇಳಿದರೆ ಸಾಕು, ಅವಳ ಎದೆ ಹೊಡೆದುಕೊಳ್ಳತೊಡಗಿತು. 'ಇದೂ ಕಾಯಿಲೆಯದೇ ಇರಬೇಕು' ಎಂದು ಅದರ ಮೇಲೂ ಅನುಮಾನ ಪಟ್ಟಳು, ಹುಚ್ಚು ಹುಡುಗಿ!

ಚಳಿ ಶುರುವಾಯಿತು. ಹೂವಮ್ಮ ಮೈಕೈ ತುಂಬಿಕೊಂಡಳು. ಹಾಜರಾಳಿಗೆ ಮಾತ್ರ ಮತ್ತೆ ಜ್ವರ.

"ನನಗೂ ಹೂವಕ್ಕನ ಮಾತ್ರೆ ಕೊಡಿ... ನನಗೆ ಸಾಯೋಕೆ ಇಷ್ಟ ಇಲ್ಲ," ಎಂದು ಅತ್ತಳು.

ವಹಾಬನ ಮುಖ ಬಿಳಿಚಿಕೊಂಡಿತು. "ಡಾಕ್ಟರಿಗೆ ಹೇಳ್ತೀನಿ," ಎಂದವನು ಅವಳತ್ತ ನೋಡದೆ ಹೊರಟುಹೋದ. ಮರುದಿನವೇ ಡಾಕ್ಟರು ಬಂದು ನೋಡಿಹೋದರು. ಅವನು ಮಾತ್ರ ಮತ್ತೆ ಬರಲಿಲ್ಲ.

ಅವನ ಬದಲು ವಿಮಲಾ ಎಂಬ ನರ್ಸ್ ಬಂದಳು. "ಈ ಓಣಿ ಬೇಡ ಅಂತ ಅವರೇ ಕೇಳ್ಕೊಂಡ್ರಂತೆ," ಎಂದಳು.

'ಅವನಿಗೆ ಗೊತ್ತಾಗಿದೆ. ನನ್ನ ಮಾತ್ರೆ ಕೆಲಸಕ್ಕೆ ಬಾರದ್ದು. ನಾನು ಸಾಯೋದನ್ನ ನೋಡಲಾರದೆ ಓಡಿಹೋದ...'

ಹಾಜರಾ ಮಾತ್ರೆ ನುಂಗುವುದನ್ನೇ ಬಿಟ್ಟಳು.

ತಪಾಸಣೆಯ ದಿನ ಜಲೀಲ್ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಅವನನ್ನು ಸಾಲಿನಲ್ಲಿ ಬಿಟ್ಟು ಹಾಜರಾ ನೇರ ಒಳಗೆ ನಡೆದಳು. ವಹಾಬ್ ಎಕ್ಸ್‌ರೇ ಕೋಣೆಯ ಮುಂದೆ ರೋಗಿಗಳ ಹೆಸರು ಕೂಗುತ್ತಿದ್ದ. ತುಂಬಿದ ಡಬ್ಬಿಯನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ತಗೊಳ್ಳಿ. ನಿಮಗೇ ನಂಬಿಕೆ ಇಲ್ಲದ ಮಾತ್ರೆ ನನಗ್ಯಾಕೆ?"

ಅವನು ಡಬ್ಬಿ ಬಿಚ್ಚಿ ನೋಡಿದ. "ಯಾ ಅಲ್ಲಾ... ನುಂಗಿಲ್ವಾ? ಆ ಜ್ವರ ಬರೀ ಶೀತದ್ದು. ಹೋದ ಸಲ ತೆಗೆದ ನಿಮ್ಮ ಎಕ್ಸ್‌ರೇ ಎಷ್ಟೋ ಸುಧಾರಿಸಿದೆ. ವಿಮಲಾ ಹೇಳಲಿಲ್ವಾ?"

"ಹೇಳಿದ್ರು. ನಂಬಲಿಲ್ಲ. ನೀವ್ಯಾಕೆ ಓಡಿಹೋದ್ರಿ?"

ವಹಾಬ್ ತಲೆ ತಗ್ಗಿಸಿದ. "ಅವತ್ತು ನನ್ನ ಚೀಲದಲ್ಲಿ ಹೂವಮ್ಮನ ಮಾತ್ರೆ ಇತ್ತು. ತೆಗೆದು ಕೊಟ್ಟೇಬಿಡ್ತಿದ್ದೆ... ಕೈ ಚೀಲದೊಳಗೆ ಹೋಗಿತ್ತು."

"ಯಾವುದು ಒಳ್ಳೇದು ಅಂತ ಗೊತ್ತಿಲ್ಲ ಅಂದವರು ನೀವೇ."

"ನಿಮ್ಮ ವಿಷಯದಲ್ಲಿ ಆ ಗೊತ್ತಿಲ್ಲ ಅನ್ನೋದನ್ನ ತಡ್ಕೊಳ್ಳೋಕೆ ಆಗಲಿಲ್ಲ, ಹಾಜರಾ. ನಿಮಗೆ ಜ್ವರ ಬಂದ್ರೆ ನನ್ನ ಬುದ್ಧಿ ನೆಟ್ಟಗಿರಲ್ಲ. ಅಂಥವನು ಮಾತ್ರೆ ಹಂಚಬಾರದು. ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ."

"ಎಲ್ಲ ಅಂದ್ರೆ?"

"ನಿಮ್ಮನ್ನ ಪ್ರೀತಿಸ್ತೀನಿ ಅಂತ."

ಹಾಜರಾಳ ಕಣ್ಣು ತುಂಬಿ ಬಂತು. ಇಷ್ಟು ದಿನ ಬೈದುಕೊಂಡದ್ದೆಲ್ಲ ನೆನಪಾಗಿ ನಾಚಿಕೆಯೂ ಆಯಿತು. ಆದರೂ ಸುಮ್ಮನಿರುವ ಜೀವವೇ ಅದು?

"ಅದನ್ನೂ ಡಾಕ್ಟರಿಗೇ ಹೇಳಿದ್ರಿ. ನನಗೆ ಹೇಳಲಿಲ್ಲ."

"ತಪ್ಪಾಯ್ತು. ಈಗ ನಿಮ್ಮ ಭಾಯಿಯನ್ನ ಕೇಳೋ ಮೊದಲು ನಿಮ್ಮನ್ನೇ ಕೇಳ್ತಿದೀನಿ. ನನ್ನನ್ನ ಮದುವೆ ಆಗ್ತೀರಾ?"

"ನಾನು ಬದುಕ್ತೀನಿ ಅಂತ ಖಂಡಿತ ಗೊತ್ತಾ?"

ಅವನು ಅವಳ ಮುಖವನ್ನೇ ನೋಡಿದ. ಸುಳ್ಳು ಹೇಳಲು ಅದಕ್ಕಿಂತ ಸುಲಭದ ಹೊತ್ತು ಬೇರೆ ಇರಲಿಲ್ಲ.

"ಖಂಡಿತ ಅನ್ನಲಾರೆ."

"ಆದ್ರೂ ಕೇಳ್ತೀರಾ?"

"ಆದ್ರೂ ಕೇಳ್ತೀನಿ."

ಹಾಜರಾ ಕಣ್ಣೊರೆಸಿಕೊಂಡು ಅಂಗೈ ಚಾಚಿದಳು. "ಮಾತ್ರೆ ಕೊಡಿ."

"ನಾನು ಕೊಡೋ ಹಾಗಿಲ್ಲ. ವಿಮಲಾನ ಕರೀತೀನಿ."

"ಕರೀರಿ. ಹಾಗೇ ಭಾಯಿನೂ ಕರೀರಿ, ಹೊರಗೆ ಸಾಲಿನಲ್ಲಿದಾರೆ."

"ಅವರಿಗೆ ಏನಂತ ಹೇಳಲಿ?"

"ಅವರು ತಲೆ ಆಡಿಸೋ ಮೊದಲೇ ನಾನು ಹೂಂ ಅಂದಿದೀನಿ ಅಂತ ಹೇಳಿ."